ಗಾಜಿನ ತೊಟ್ಟಿಯ ಕುಬ್ಜಸಸ್ಯಗಳು: ಒಂದು ಚಾರಿತ್ರಿಕ ಸಮೀಕ್ಷೆ

೧

ಕಲ್ಯಾಣ ಜಂಕ್ಷನ್ನನ್ನು ಬಿಟ್ಟು ಕರ್ಜತದ ದಾರಿ ಹಿಡಿದ ರೈಲುಗಾಡಿ ಮೊದಲು ನಿಲ್ಲುವ ಊರು ವಿಠ್ಠಲವಾಡಿ. ಅದರ ಸಮೀಪದಲ್ಲಿ ವಾಲಧುನಿ ಎಂಬ ಚಿಕ್ಕ ಹೊಳೆ ಹರಿಯುತ್ತದೆ. ಅಂಬರನಾಥದಲ್ಲಿ ಶಿಲಾಹಾರರ ಕಾಲದ ಶಿವಾಲಯದ ಮಗ್ಗುಲನ್ನು ಸವರಿಕೊಂಡು ಬರುವ ಈ ಹೊಳೆ ಇಂದು ಕಾರ್ಖಾನೆಗಳ ಮತ್ತು ಮನೆಗಳ ಹೊಲಸನ್ನು ಹೊತ್ತ ಕಾಲುವೆಯಾಗಿದೆ. ೨೦೧೪ರಲ್ಲಿ ಇದಕ್ಕೆ ಸುರಿದ ರಾಸಾಯನಿಕದ ಆವಿಯಿಂದ ಉಲ್ಲಾಸನಗರದ ನೂರಾರು ಜನ ಅಸ್ವಸ್ಥರಾದರು. ಹತ್ತಿರದ ಉಲ್ಲಾಸ ನದಿಯ ಮೇಲೆ, ಮರಾಠಿಯಲ್ಲಿ ಜಲಪರ್ಣಿಯೆಂದೂ ನಮ್ಮ ಕಡೆ ಕೆಲವರು ಅಂತರಗಂಗೆಯೆಂದೂ ಕರೆಯುವ ಗಿಡ ಹಬ್ಬಿ ನೀರನ್ನೇ ಮರೆಮಾಡುವುದುಂಟು. ನೀರಗಿಡವೆಂದರೆ ಉಪದ್ರವವೆಂದು ತಿಳಿದ ಇದೇ ಸೀಮೆಯ ಅಂಗಡಿಗಳಲ್ಲಿ, ಮುಚ್ಚಿ ಮುದ್ರೆಯೊತ್ತಿದ ಪುಟ್ಟ ಬಟ್ಟಲುಗಳಲ್ಲಿ ಅಂಗುಲದಷ್ಟು ಎತ್ತರದ ನೀರಗಿಡಗಳು ಮಾರಾಟಕ್ಕೆ ಬರುತ್ತವೆ. ಅಕ್ವೇರಿಯಮ್ ಎಂದು ಎಲ್ಲರೂ ಹೇಳುವ ಗಾಜಿನ ತೊಟ್ಟಿಯ ತಳದಲ್ಲಿ ಹಸಿರು ಹಾಸಿನಂತೆ ನೆಡಲು ಅವು ಬೇಕು. ಅವು ಮಣ್ಣನ್ನು ಕಂಡವಲ್ಲ. ಪ್ರಯೋಗಶಾಲೆಯ ಸೀಸೆಯಲ್ಲಿ ಹುಟ್ಟಿದವು.

ಈ ಗಿಡಗಳು ಗಿಡ್ಡಾಗಿರುವುದು ಏಕೆ? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಉತ್ತರವನ್ನು ಹುಡುಕಹೊರಟರೆ ಸುಮಾರು ಎರಡು ಶತಮಾನಗಳ ವಿಜ್ಞಾನದ ಇತಿಹಾಸವೂ, ನಮ್ಮ ಘಟ್ಟದ ಹೊಳೆಗಳ ಇಂದಿನ ಸ್ಥಿತಿಯೂ ಅದರೊಡನೆ ಹೆಣೆದುಕೊಂಡಿರುವುದು ಕಂಡುಬರುತ್ತದೆ. ಸಸ್ಯದ ಕುಬ್ಜತೆ ಮೂರು ಮೂಲಗಳಿಂದ ಬರಬಹುದು. ನೆಲೆಯಿಂದ ಬಂದುದು ಒಂದು. ಔಷಧದಿಂದ ಬಂದುದು ಇನ್ನೊಂದು. ವಂಶದಿಂದ ಬಂದುದು ಮೂರನೆಯದು. ಮೂರೂ ಕಣ್ಣಿಗೆ ಒಂದೇ ಬಗೆಯಾಗಿ ಕಂಡರೂ ಅವುಗಳ ಬಾಳಿಕೆ ಒಂದೇ ಅಲ್ಲ. ಈ ಭೇದವನ್ನು ಇತಿಹಾಸದ ಬೆಳಕಿನಲ್ಲಿ ಸ್ಪಷ್ಟಪಡಿಸುವುದು, ಮತ್ತು ಅದನ್ನು ಅರಿಯುವಲ್ಲಿ ಭಾರತದ, ವಿಶೇಷವಾಗಿ ಹೊರನಾಡಿನಲ್ಲಿದ್ದು ದುಡಿದ ಒಬ್ಬ ಕನ್ನಡಿಗ ವಿಜ್ಞಾನಿಯ, ಪಾಲೆಷ್ಟೆಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨

ಸಸ್ಯದ ಸಹಜರೂಪವನ್ನು ಮನುಷ್ಯನ ಇಚ್ಛೆಗೆ ತಕ್ಕಂತೆ ಬದಲಿಸಬೇಕೆಂಬ ಆಸೆ ನಮ್ಮಲ್ಲಿ ಹೊಸದಲ್ಲ. ಕಲ್ಯಾಣಚಾಳುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು ೧೦೨೫ರಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧಿಕಾರವೇ ಮೀಸಲಾಗಿದೆ. ಅದೇ ಮನೆತನದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೀನಿನ ಜಾತಿಗಳನ್ನೂ, ಅವುಗಳಿಗೆ ಹಾಕುವ ಆಹಾರವನ್ನೂ, ಗಾಳ ಹಾಕುವ ವಿನೋದವನ್ನೂ ವಿವರಿಸಿದ್ದಾನೆ. ಇವನ್ನು ಇಲ್ಲಿ ಹೆಸರಿಸಿದ್ದು, ಇಂದಿನ ವಿದ್ಯೆಯೆಲ್ಲ ಪೂರ್ವಿಕರಿಗೆ ತಿಳಿದಿತ್ತೆಂದು ಸಾಧಿಸುವುದಕ್ಕಲ್ಲ. ಹಾಗೆ ಹೇಳುವುದು ಇತಿಹಾಸವಾಗದು. ಗಿಡವನ್ನೂ ನೀರನ್ನೂ ಕುತೂಹಲದಿಂದ ನೋಡಿ, ಕಂಡದ್ದನ್ನು ಬರೆದಿಡುವ ಪದ್ಧತಿ ಕನ್ನಡನಾಡಿಗೆ ಪರಕೀಯವಲ್ಲವೆಂದು ನೆನಪಿಸಿದರೆ ಸಾಕು.

ಗಾಜಿನೊಳಗೆ ಗಿಡ ಬೆಳೆಸುವ ವಿದ್ಯೆ ಲಂಡನ್ನಿನಲ್ಲಿ ಹುಟ್ಟಿತು. ನಥಾನಿಯಲ್ ವಾರ್ಡ್ ಎಂಬ ವೈದ್ಯನು ೧೮೨೯ರಲ್ಲಿ ಪತಂಗದ ಕೋಶವೊಂದನ್ನು ಒದ್ದೆಮಣ್ಣಿನೊಡನೆ ಸೀಸೆಯಲ್ಲಿಟ್ಟು ಬಾಯಿ ಮುಚ್ಚಿದ್ದನು. ಕೆಲ ದಿನಗಳಲ್ಲಿ ಮಣ್ಣಿನಿಂದ ಜರೀಗಿಡವೊಂದು ಮೊಳೆತುದನ್ನು ಕಂಡನು. ಹೊಗೆ ತುಂಬಿದ ಆ ನಗರದ ಗಾಳಿಯಲ್ಲಿ ಬದುಕದ ಜರೀಗಿಡ ಮುಚ್ಚಿದ ಸೀಸೆಯಲ್ಲಿ ಬದುಕಿತು. ಆತನ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲಿಯೇ ಮುಂದೆ ಚೀನಾದ ಚಹಾ ಸಸಿಗಳು ಸಮುದ್ರ ದಾಟಿ ಭಾರತಕ್ಕೆ ಬಂದವು. ೧೮೫೦ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಗಾಜಿನ ಪಾತ್ರೆಯೊಂದರಲ್ಲಿ ಚಿನ್ನದ ಮೀನು, ವ್ಯಾಲಿಸ್ನೇರಿಯ ಎಂಬ ನೀರಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇರಿಸಿದನು. ಗಿಡವು ಮೀನಿಗೆ ಪ್ರಾಣವಾಯುವನ್ನು ಕೊಡುವುದು, ಕೊಳೆತ ಎಲೆಯನ್ನು ಹುಳು ತಿನ್ನುವುದು, ಹೀಗೆ ಮೂರೂ ಪರಸ್ಪರ ಆಧಾರವಾಗಿ ನಿಲ್ಲುವುದು ಸಾಧ್ಯವೆಂದು ತೋರಿಸಿದನು. ಗಾಜಿನ ತೊಟ್ಟಿಯಲ್ಲಿ ಗಿಡವು ಕೇವಲ ಅಲಂಕಾರವಲ್ಲ, ಮೀನಿನ ಉಸಿರು ಎಂಬುದು ಅಂದಿನಿಂದ ಸಿದ್ಧವಾಯಿತು. ೧೮೫೩ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮುಂಬಯಿಯ ಮರೀನ್ ಡ್ರೈವಿನಲ್ಲಿ ತಾರಾಪೋರವಾಲಾ ಮತ್ಸ್ಯಾಲಯ ತೆರೆದದ್ದು ೧೯೫೧ರಲ್ಲಿ.

೩

ಇನ್ನು ಗಿಡಗಳ ಮೂಲವನ್ನು ನೋಡೋಣ. ಇಂದು ದೇಶವಿದೇಶಗಳ ತೊಟ್ಟಿಗಳಲ್ಲಿ ಕಾಣುವ ಹಲವು ಸಸ್ಯಗಳ ತವರು ಪಶ್ಚಿಮಘಟ್ಟ. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ೧೬೭೮ರಿಂದ ೧೬೯೩ರವರೆಗೆ ಪ್ರಕಟಿಸಿದ 'ಹೋರ್ಟಸ್ ಮಲಬಾರಿಕಸ್' ಮಹಾಗ್ರಂಥದಲ್ಲಿ 'ಕರಿನ್‌ಪೋಳ' ಎಂಬ ನೀರಂಚಿನ ಗಿಡದ ಚಿತ್ರವಿದೆ. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನೆಂಬ ಮಲಯಾಳಿ ವೈದ್ಯನೊಡನೆ ರಂಗಭಟ್ಟ, ವಿನಾಯಕಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಪಂಡಿತರೂ ಇದ್ದರು. ಆ ಗಿಡವೂ ಅದರ ಬಂಧುಗಳೂ ಇಂದು ಲಾಜಿನಾಂಡ್ರ ಎಂಬ ಕುಲಕ್ಕೆ ಸೇರುತ್ತವೆ. ಆ ಕುಲಕ್ಕೆ ೧೮೫೨ರಲ್ಲಿ ಹೆಸರಿಟ್ಟವನು ಮುಂಬಯಿ ಸರಕಾರದ ಸೇವೆಯಲ್ಲಿದ್ದ ಡಾಲ್ಜೆಲ್. ಆತನೂ ಗಿಬ್ಸನ್ನನೂ ಕೂಡಿ ೧೮೬೧ರಲ್ಲಿ 'ಬಾಂಬೆ ಫ್ಲೋರಾ'ವನ್ನು ಪ್ರಕಟಿಸಿದರು. ಮುಂದೆ ಥಿಯೊಡೋರ್ ಕುಕ್ ೧೯೦೧ರಿಂದ ೧೯೦೮ರವರೆಗೆ ಮುಂಬಯಿ ಇಲಾಖೆಯ ಸಸ್ಯಸಂಪತ್ತನ್ನು ವಿಸ್ತಾರವಾಗಿ ವರ್ಣಿಸಿದನು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅಂದಿನ ಮುಂಬಯಿ ಇಲಾಖೆಯಲ್ಲಿ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಸೇರಿದ್ದವು. ಆದಕಾರಣ ಕನ್ನಡನಾಡಿನ ದೊಡ್ಡದೊಂದು ಭಾಗದ ಗಿಡಗಳ ದಾಖಲೆ ಮುಂಬಯಿಯ ಹೆಸರಿನ ಪುಸ್ತಕಗಳಲ್ಲಿದೆ. ಸೆಜ್ವಿಕ್ ಮತ್ತು ಬೆಲ್ ಎಂಬಿಬ್ಬರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಉತ್ತರ ಕನ್ನಡದಲ್ಲಿ ಸಂಗ್ರಹಿಸಿ ಒಣಗಿಸಿದ ಸಸ್ಯಗಳು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಬ್ಲಾಟರ್ ಹರ್ಬೇರಿಯಮ್ಮಿನಲ್ಲಿ ಸೇರಿವೆ. ೧೯೫೬ರಲ್ಲಿ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ಗಿಡಗಳ ಕಡತ ಇಲ್ಲಿಯೇ ಉಳಿಯಿತು. ಘಟ್ಟದ ಸಸ್ಯಗಳ ಅಧ್ಯಯನಕ್ಕೆ ಮುಂಬಯಿಯ ಕನ್ನಡಿಗನು ದೂರ ಹೋಗಬೇಕಾಗಿಲ್ಲ.

ಪಶ್ಚಿಮ ಕರಾವಳಿಯ ಜಂಬುಮಣ್ಣಿನ ಕಲ್ಲುಹಾಸುಗಳ ಮೇಲೆ, ಮರಾಠಿಯಲ್ಲಿ 'ಸಡಾ' ಎನ್ನುವ ಬಯಲುಗಳಲ್ಲಿ, ಮಳೆಗಾಲದಲ್ಲಿ ನಾಲ್ಕು ಬೆರಳು ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಗೋರಂಟಿಯ ಕುಟುಂಬದ ರೊಟಾಲವೂ ಗುಂಡಿಯಂತಹ ಬಿಳಿಹೂವಿನ ಎರಿಯೊಕಾಲಾನ್ ಜಾತಿಗಳೂ ಬೆಳೆದು, ಹೂಬಿಟ್ಟು, ಬೀಜ ಚೆಲ್ಲಿ, ಕಾರ್ತಿಕದ ಬಿಸಿಲಿಗೆ ಒಣಗುತ್ತವೆ. ತೆಳ್ಳನೆಯ ಮಣ್ಣು, ತೆರೆದ ಬಿಸಿಲು, ಅಲ್ಪಾಯುಷ್ಯ ಇವುಗಳಿಂದ ಆ ಗಿಡಗಳು ಒಂದೆರಡು ಅಂಗುಲಕ್ಕಿಂತ ಮೇಲೇಳುವುದು ಅಪೂರ್ವ. ಇದೇ ನೆಲೆಯಿಂದ ಬಂದ ಕುಬ್ಜತೆ. ಅಂತಹ ರೊಟಾಲದ ಕುಡಿಯನ್ನು ತಂದು ಆಳವಾದ, ಮಬ್ಬು ಬೆಳಕಿನ ತೊಟ್ಟಿಯಲ್ಲಿ ನೆಟ್ಟರೆ ಅದು ಗೇಣುದ್ದವಾಗಿ ಚಾಚಿ ಮೇಲ್ಮೈಯನ್ನು ಮುಟ್ಟಲು ಹವಣಿಸುತ್ತದೆ. ನೆಲೆ ಬದಲಾದೊಡನೆ ಕುಬ್ಜತೆಯೂ ಹೋಯಿತು.

ಗಿಡ್ಡ ಗಿಡಗಳಿಗೆ ಜಗತ್ತಿನಲ್ಲಿ ಬೇಡಿಕೆ ಹೆಚ್ಚಿದ್ದು ಜಪಾನಿನ ಛಾಯಾಗ್ರಾಹಕ ತಕಾಶಿ ಅಮಾನೊ (೧೯೫೪–೨೦೧೫) ಎಂಬಾತನ ಪ್ರಭಾವದಿಂದ. ೧೯೮೨ರಲ್ಲಿ ಆತ ಸ್ಥಾಪಿಸಿದ ಸಂಸ್ಥೆಯೂ ಆತನ ಚಿತ್ರಸಂಪುಟಗಳೂ ತೊಟ್ಟಿಯನ್ನು ಮೀನಿನ ಮನೆಯೆಂಬುದಕ್ಕಿಂತ ನೀರೊಳಗಿನ ನಿಸರ್ಗದೃಶ್ಯವೆಂದು ಕಾಣಲು ಜನರಿಗೆ ಕಲಿಸಿದವು. ದೃಶ್ಯದಲ್ಲಿ ಬೆಟ್ಟ ದೊಡ್ಡದಾಗಿ ಕಾಣಬೇಕಾದರೆ ಮುಂದಿನ ಹುಲ್ಲು ಚಿಕ್ಕದಾಗಿರಬೇಕು. ಹೀಗೆ ಚಿತ್ರಕಲೆಯ ಒಂದು ನಿಯಮವು ಸಸ್ಯಶಾಸ್ತ್ರದ ಮುಂದೆ ಒಂದು ಬೇಡಿಕೆಯನ್ನಿಟ್ಟಿತು.

೪

ಆ ಬೇಡಿಕೆಯನ್ನು ಪೂರೈಸಿದ ವಿದ್ಯೆ ಅಂಗಾಂಶಕೃಷಿ. ಗಿಡದ ಸಣ್ಣ ತುಣುಕೊಂದನ್ನು, ಕ್ರಿಮಿಗಳಿಲ್ಲದ ಸೀಸೆಯಲ್ಲಿ, ಲವಣ, ಸಕ್ಕರೆ ಮತ್ತು ಪ್ರಚೋದಕಗಳಿರುವ ಪಾಕದ ಮೇಲೆ ಬೆಳೆಸಿ ಇಡೀ ಗಿಡವನ್ನು ಪಡೆಯುವ ವಿಧಾನವಿದು. ಪ್ರತಿಯೊಂದು ಜೀವಕೋಶದಲ್ಲಿಯೂ ಪೂರ್ಣಸಸ್ಯವಾಗುವ ಶಕ್ತಿ ಅಡಗಿದೆಯೆಂಬ ಭಾವನೆಯಿಂದ ಜರ್ಮನ್ ಭಾಷಿಕ ವಿಜ್ಞಾನಿ ಹಾಬರ್‌ಲಾಂಟ್ ೧೯೦೨ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಆತ ಆರಿಸಿಕೊಂಡ ಸಸ್ಯಗಳಲ್ಲಿ ಜಲಪರ್ಣಿಯೂ ಒಂದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಅಮೆರಿಕದಿಂದ ಹೂವಿನ ಚೆಲುವಿಗಾಗಿ ಬಂಗಾಳಕ್ಕೆ ಬಂದು, ಇಂದು ಉಲ್ಲಾಸ ನದಿಯ ಪೀಡೆಯಾಗಿರುವ ಗಿಡವೇ ಅದು. ಹಾಬರ್‌ಲಾಂಟನ ಕೋಶಗಳು ಬಹುದಿನ ಜೀವಿಸಿದವು, ದೊಡ್ಡವಾದವು. ಆದರೆ ಒಂದೂ ವಿಭಜನೆಯಾಗಲಿಲ್ಲ. ಸಿದ್ಧಾಂತ ಸರಿಯಾಗಿತ್ತು, ಪಾಕ ಸಾಲದಾಗಿತ್ತು.

ಪಾಕವನ್ನು ತಿದ್ದಲು ಅರವತ್ತು ವರ್ಷ ಹಿಡಿಯಿತು. ೧೯೩೪ರಲ್ಲಿ ಅಮೆರಿಕದ ವೈಟ್ ಟೊಮ್ಯಾಟೊ ಬೇರನ್ನು ಸೀಸೆಯಲ್ಲಿ ಎಡೆಬಿಡದೆ ಬೆಳೆಸಿದನು. ೧೯೩೯ರಲ್ಲಿ ಆತನೂ ಫ್ರಾನ್ಸಿನ ಗೊತೆರೆ, ನೊಬೆಕೂರ್ ಎಂಬಿಬ್ಬರೂ ಬೇರೆಬೇರೆಯಾಗಿ ಅಂಗಾಂಶವನ್ನು ಅನಿರ್ದಿಷ್ಟಕಾಲ ಉಳಿಸಬಲ್ಲವರಾದರು. ೧೯೫೭ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ಒಂದು ಸರಳ ಸತ್ಯವನ್ನು ಕಂಡರು: ಪಾಕದಲ್ಲಿ ಆಕ್ಸಿನ್ ಹೆಚ್ಚಾದರೆ ಬೇರು, ಸೈಟೊಕೈನಿನ್ ಹೆಚ್ಚಾದರೆ ಚಿಗುರು. ೧೯೬೦ರಲ್ಲಿ ಮೊರೆಲ್ ಆರ್ಕಿಡ್ಡನ್ನು ತುದಿಮೊಗ್ಗಿನಿಂದ ವೃದ್ಧಿಮಾಡಿ ಈ ವಿದ್ಯೆಯನ್ನು ತೋಟಗಾರಿಕೆಯ ಅಂಗಳಕ್ಕೆ ತಂದನು. ೧೯೬೨ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿಗಾಗಿ ರಚಿಸಿದ ಲವಣಪಾಕವು ಇಂದಿಗೂ ಜಗತ್ತಿನ ಬಹುತೇಕ ಪ್ರಯೋಗಶಾಲೆಗಳ ಆಧಾರವಾಗಿದೆ.

ಭಾರತವು ಈ ಕಾರ್ಯದಲ್ಲಿ ಹಿಂದೆ ಉಳಿಯಲಿಲ್ಲ. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಂಚಾನನ ಮಾಹೇಶ್ವರಿಯವರು (೧೯೦೪–೧೯೬೬) ಕಟ್ಟಿದ ಸಸ್ಯಶಾಸ್ತ್ರ ವಿಭಾಗ ಲೋಕಪ್ರಸಿದ್ಧವಾಯಿತು. ಅಲ್ಲಿಯೇ ೧೯೬೪ರಲ್ಲಿ ಶಿಪ್ರಾ ಗುಹಾ ಮತ್ತು ಎಸ್. ಸಿ. ಮಾಹೇಶ್ವರಿ ದತ್ತೂರದ ಪರಾಗದಿಂದ ನೇರವಾಗಿ ಸಸಿಯನ್ನು ಪಡೆದುದು ಈ ಶಾಸ್ತ್ರದ ಮೈಲಿಗಲ್ಲುಗಳಲ್ಲೊಂದು. ಪುಣೆಯ ರಾಷ್ಟ್ರೀಯ ರಸಾಯನ ಪ್ರಯೋಗಶಾಲೆಯಲ್ಲಿ ೧೯೯೦ರಲ್ಲಿ ಬಿದಿರು ಸೀಸೆಯೊಳಗೇ ಹೂಬಿಟ್ಟಿತು. ೧೯೮೦ರ ದಶಕದಿಂದ ಬೆಂಗಳೂರು ಬಾಳೆ ಮತ್ತು ಹೂಗಿಡಗಳ ಅಂಗಾಂಶಕೃಷಿಯ ಉದ್ಯಮಕ್ಕೆ ಒಂದು ಕೇಂದ್ರವಾಯಿತು. ಆದರೆ ತೊಟ್ಟಿಯ ಗಿಡಗಳ ಮಟ್ಟಿಗೆ ಮುಂದಾಳುತನ ಹೊರಗಿನವರದಾಯಿತು. ೧೯೯೦ರಲ್ಲಿ ಫ್ಲಾರಿಡ ವಿಶ್ವವಿದ್ಯಾಲಯದ ಕೇನ್ ಮತ್ತು ಸಂಗಡಿಗರು ಸಿಂಹಳದ ಕ್ರಿಪ್ಟೋಕೊರೈನ್ ಗಿಡವನ್ನು ಸೀಸೆಯಲ್ಲಿ ವೃದ್ಧಿಮಾಡುವ ಕ್ರಮವನ್ನು ಪ್ರಕಟಿಸಿದರು. ೧೯೭೦ರಲ್ಲಿ ಡೆನ್ಮಾರ್ಕಿನಲ್ಲಿ ಸ್ಥಾಪಿತವಾದ ಟ್ರೋಪಿಕಾ ನರ್ಸರಿಯು ೨೦೧೦ರ ದಶಕದಲ್ಲಿ ಮುಚ್ಚಿದ ಬಟ್ಟಲಿನ ಗಿಡಗಳನ್ನು ಮನೆಮನೆಗೆ ಒಯ್ದಿತು. ದಕ್ಷಿಣ ಭಾರತದ ಲಾಜಿನಾಂಡ್ರ ಮೀಬೋಲ್ಡಿಯ ಕೆಂಪು ಬಗೆ ಇಂದು ಯುರೋಪಿನ ನರ್ಸರಿಗಳ ಪಟ್ಟಿಯಲ್ಲಿದೆ.

೫

ಅಂಗಾಂಶಕೃಷಿ ಗಿಡವನ್ನು ಹೆಚ್ಚಿಸುತ್ತದೆ. ಅದೊಂದರಿಂದಲೇ ಗಿಡ ಗಿಡ್ಡಾಗುವುದಿಲ್ಲ. ಗಿಡ್ಡಾಗಿಸುವ ವಿದ್ಯೆಯ ಮೂಲ ಬೇರೊಂದು ಕಡೆ ಇದೆ.

ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಪೈರುಗಳು ಮಿತಿಮೀರಿ ಉದ್ದವಾಗಿ, ಸೊರಗಿ, ತೆನೆಬಿಡದೆ ಬೀಳುತ್ತಿದ್ದವು. ರೈತರು ಇದನ್ನು 'ಮೂರ್ಖ ಸಸಿ' ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಅದಕ್ಕೆ ಕಾರಣ ಒಂದು ಬೂಷ್ಟು ಸ್ರವಿಸುವ ದ್ರವ್ಯವೆಂದು ೧೯೨೬ರಲ್ಲಿ ಕುರೊಸಾವ ತೋರಿಸಿದನು. ೧೯೩೫ರಲ್ಲಿ ಯಾಬುತ ಅದಕ್ಕೆ ಜಿಬ್ಬರೆಲಿನ್ ಎಂದು ಹೆಸರಿಟ್ಟನು. ಅದು ಆರೋಗ್ಯವಂತ ಸಸ್ಯಗಳಲ್ಲಿಯೂ ಸಹಜವಾಗಿ ಇರುವ ಪ್ರಚೋದಕವೆಂದು ಮುಂದೆ ತಿಳಿಯಿತು. ಗೆಣ್ಣುಗಳ ನಡುವಿನ ಅಂತರವನ್ನು ಹಿಗ್ಗಿಸುವುದು ಅದರ ಕೆಲಸ. ಆದಕಾರಣ ಅದರ ಉತ್ಪಾದನೆಯನ್ನು ತಡೆದರೆ ಎಲೆಗಳ ಸಂಖ್ಯೆ ಹೆಚ್ಚುಕಡಿಮೆ ಹಾಗೆಯೇ ಉಳಿದು, ಗೆಣ್ಣುಗಳು ಹತ್ತಿರವಾಗಿ ಗಿಡ ಗಿಡ್ಡಾಗುತ್ತದೆ. ಹೀಗೆ ತಡೆಯುವ ದ್ರವ್ಯಗಳನ್ನು ವೃದ್ಧಿನಿರೋಧಕಗಳೆನ್ನಬಹುದು. ೧೯೬೦ರಲ್ಲಿ ಟಾಲ್ಬರ್ಟ್ ವರ್ಣಿಸಿದ ಕ್ಲೋರ್‌ಮೆಕ್ವಾಟ್ ಇವುಗಳಲ್ಲಿ ಪ್ರಸಿದ್ಧವಾದುದು. ಅದಕ್ಕಿಂತ ಪ್ರಬಲವಾದ ಪ್ಯಾಕ್ಲೊಬ್ಯುಟ್ರಝಾಲ್ ೧೯೮೦ರ ದಶಕದಲ್ಲಿ ಬಳಕೆಗೆ ಬಂದಿತು. ಕೊಂಕಣದ ಆಪೂಸು ಮಾವು ವರ್ಷ ಬಿಟ್ಟು ವರ್ಷ ಫಲಿಸುವ ದೋಷವನ್ನು ನಿವಾರಿಸಲು ದಾಪೋಲಿಯ ಕೃಷಿ ವಿದ್ಯಾಪೀಠದ ವಿಜ್ಞಾನಿಗಳು ಪರೀಕ್ಷಿಸಿ ಪ್ರಚುರಪಡಿಸಿದ ದ್ರವ್ಯವೂ ಇದೇ. ರತ್ನಾಗಿರಿಯ ತೋಟದಲ್ಲಿ ಮಾವಿನ ಬುಡಕ್ಕೆ ಸುರಿಯುವ ಔಷಧದ ಕೆಲವು ಕಣಗಳೇ ಪ್ರಯೋಗಶಾಲೆಯ ಸೀಸೆಯಲ್ಲಿ ನೀರಗಿಡವನ್ನು ಕುಬ್ಜಗೊಳಿಸುತ್ತವೆ.

ನೀರಗಿಡದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ನೆಲದ ಗಿಡಕ್ಕೆ ಉದ್ದವಾಗುವುದು ಒಂದು ಅನುಕೂಲ. ಮುಳುಗಿದ ಗಿಡಕ್ಕೆ ಅದು ಪ್ರಾಣದ ಪ್ರಶ್ನೆ. ಮೇಲ್ಮೈಯನ್ನು ತಲಪಿದರೆ ಬೆಳಕು, ಗಾಳಿ, ಹೂವು, ತಲಪದಿದ್ದರೆ ಕ್ಷಯ. ಮುಳುಗಿದೆನೆಂಬುದು ಗಿಡಕ್ಕೆ ಹೇಗೆ ತಿಳಿಯುತ್ತದೆ? ಸಸ್ಯಗಳು ಎಥಿಲೀನ್ ಎಂಬ ಅನಿಲವನ್ನು ಸದಾ ಹೊರಬಿಡುತ್ತವೆ. ಗಾಳಿಯಲ್ಲಿ ಅದು ಚದುರಿಹೋಗುತ್ತದೆ. ನೀರಿನಲ್ಲಿ ಅನಿಲದ ಪ್ರಸರಣ ಗಾಳಿಗಿಂತ ಸುಮಾರು ಹತ್ತುಸಾವಿರ ಪಟ್ಟು ನಿಧಾನವಾದುದರಿಂದ ಅದು ಗಿಡದೊಳಗೇ ತುಂಬಿಕೊಳ್ಳುತ್ತದೆ. ಕ್ಯಾಲಿಟ್ರಿಕಿ ಎಂಬ ನೀರಗಿಡದ ಕಾಂಡ ಉದ್ದವಾಗುವುದು ಹೀಗೆ ತುಂಬಿದ ಎಥಿಲೀನ್ ಮತ್ತು ಜಿಬ್ಬರೆಲಿನ್ ಎರಡರ ಕೂಟದಿಂದ ಎಂದು ಇಂಗ್ಲೆಂಡಿನ ಮಸ್ಗ್ರೇವ್, ಜಾಕ್ಸನ್, ಲಿಂಗ್ ಎಂಬವರು ೧೯೭೨ರಲ್ಲಿ ನಿರೂಪಿಸಿದರು.

ಈ ಸಂದರ್ಭದಲ್ಲಿಯೇ ನಮ್ಮವರೊಬ್ಬರ ಹೆಸರು ಬರುತ್ತದೆ. ಹೊಳೆನರಸೀಪುರ ಯೋಗಾನರಸಿಂಹಮ್ ಮೋಹನರಾಮ್ (೧೯೩೦–೨೦೧೮) ಮೈಸೂರಿನಲ್ಲಿ ಓದಿ, ೧೯೫೦ರ ದಶಕದಲ್ಲಿ ದೆಹಲಿ ವಿಶ್ವವಿದ್ಯಾಲಯವನ್ನು ಸೇರಿ, ಪಂಚಾನನ ಮಾಹೇಶ್ವರಿಯವರ ಶಿಷ್ಯರಾಗಿ, ಅಲ್ಲಿಯೇ ಪ್ರಾಧ್ಯಾಪಕರಾದರು. ತಂದೆ ಯೋಗಾನರಸಿಂಹಮ್ ಕರ್ನಾಟಕ ಸಂಗೀತದ ವಾಗ್ಗೇಯಕಾರರು. ಪ್ರಧಾನಮಂತ್ರಿಗಳ ವಾರ್ತಾಸಲಹೆಗಾರರಾಗಿದ್ದ ಎಚ್. ವೈ. ಶಾರದಾಪ್ರಸಾದ್ ಒಬ್ಬ ಸೋದರರು. ಮುಂಬಯಿಯಲ್ಲಿ ಹಿಂದೀ 'ನವನೀತ'ದ ಸಂಪಾದಕರಾಗಿದ್ದ ನಾರಾಯಣ ದತ್ತ ಇನ್ನೊಬ್ಬ ಸೋದರರು. ಒಂದೇ ಕನ್ನಡ ಮನೆತನ ಹೊರನಾಡಿನಲ್ಲಿ ರಾಜಕಾರ್ಯ, ಪತ್ರಿಕೆ, ವಿಜ್ಞಾನ ಮೂರಕ್ಕೂ ಮಕ್ಕಳನ್ನು ಕೊಟ್ಟಿತು.

ಮೋಹನರಾಮ್ ಅವರು ರಾವ್ ಅವರೊಡನೆ ಲಿಮ್ನೋಫಿಲ ಇಂಡಿಕ ಎಂಬ ಗಿಡವನ್ನು ಸೀಸೆಯಲ್ಲಿ ಬೆಳೆಸಿದರು. ಇದು ನಮ್ಮ ಕೆರೆಗದ್ದೆಗಳ ಗಿಡ; ಇದರ ಕುಲದವು ಬಹುಕಾಲದಿಂದ ತೊಟ್ಟಿಗಳಲ್ಲಿಯೂ ಪ್ರಸಿದ್ಧ. ಇದಕ್ಕೆ ಎರಡು ಬಗೆಯ ಎಲೆಗಳುಂಟು. ನೀರೊಳಗಿನವು ಕೂದಲಿನಂತೆ ಸೀಳಿದವು. ನೀರ ಮೇಲಿನವು ಅಗಲವಾಗಿ ಇಡಿಯಾದವು. ಅಬ್ಸಿಸಿಕ್ ಆಮ್ಲವೆಂಬುದು ಸಸ್ಯದಲ್ಲಿ ಸಹಜವಾಗಿರುವ, ಬೆಳವಣಿಗೆಯನ್ನು ಹಿಡಿದಿಡುವ ಪ್ರಚೋದಕ. ಅದರ ಅತ್ಯಲ್ಪ ಪ್ರಮಾಣವನ್ನು ಪಾಕಕ್ಕೆ ಬೆರೆಸಿದಾಗ, ಗಿಡ ಪೂರ್ತಿ ಮುಳುಗಿದ್ದರೂ ನೀರ ಮೇಲಿನ ಬಗೆಯ ಎಲೆಗಳನ್ನೇ ಬಿಟ್ಟಿತು; ಅಷ್ಟೇ ಅಲ್ಲ, ಅಕಾಲದಲ್ಲಿ ಹೂವನ್ನೂ ಬಿಟ್ಟಿತು. ೧೯೮೨ರಲ್ಲಿ 'ಪ್ಲಾಂಟಾ' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ನೀರಗಿಡದ ಆಕಾರವನ್ನು ನಿರ್ಧರಿಸುವುದು ನೀರೇ ಅಲ್ಲ, ನೀರು ಗಿಡದೊಳಗೆ ಎಬ್ಬಿಸುವ ರಾಸಾಯನಿಕ ಸಂದೇಶ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಾಗಿಲ್ಲ. ಸಂದೇಶವನ್ನು ಬದಲಿಸಿದರೆ, ಮುಳುಗಿದ ಗಿಡವೂ ಮುಳುಗಿಲ್ಲವೆಂದು ನಂಬುತ್ತದೆ. ಇಂದಿನ ಕುಬ್ಜಸಸ್ಯಗಳ ತಯಾರಿಕೆ ನಿಂತಿರುವುದು ಈ ಬಗೆಯ ಜ್ಞಾನದ ಮೇಲೆ. ದೆಹಲಿಯ ಪ್ರಯೋಗಶಾಲೆಗೆ ಅದು ತತ್ತ್ವಜಿಜ್ಞಾಸೆಯಾಗಿತ್ತು. ಮಾರುಕಟ್ಟೆಗೆ ಅದು ಸರಕಾಯಿತು.

೬

ಈಗ ತಯಾರಿಕೆಯ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ನೀರಗಿಡದ ಮೈಮೇಲೆ ಪಾಚಿ ಮತ್ತು ಸೂಕ್ಷ್ಮಾಣುಗಳು ದಟ್ಟವಾಗಿರುವುದರಿಂದ ಅದನ್ನು ಶುದ್ಧಿಗೊಳಿಸುವುದೇ ಮೊದಲ ಕಷ್ಟ. ಔಷಧ ಬಲವಾದರೆ ಎಳೆಯ ಅಂಗಾಂಶ ಸಾಯುತ್ತದೆ. ಕಡಿಮೆಯಾದರೆ ಪಾಕ ಕೊಳೆಯುತ್ತದೆ. ಆದ್ದರಿಂದ ಅನುಭವಿಗಳು ಗಿಡವನ್ನು ಕೆಲವು ವಾರ ನೀರಿನಿಂದ ಹೊರಗೆ, ತೇವವಾದ ಗಾಳಿಯಲ್ಲಿ ಬೆಳೆಸಿ, ಹೊಸ ಚಿಗುರನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಅದನ್ನು ಮದ್ಯಸಾರದಲ್ಲಿ ಕ್ಷಣಕಾಲ ಅದ್ದಿ, ಹೈಪೊಕ್ಲೋರೈಟ್ ದ್ರಾವಣದಲ್ಲಿ ಕೆಲವು ನಿಮಿಷ ಇರಿಸಿ, ಶುದ್ಧಜಲದಲ್ಲಿ ಮೂರುನಾಲ್ಕು ಸಲ ತೊಳೆಯುತ್ತಾರೆ. ಪಾಕದಲ್ಲಿ ಮುರಾಶಿಗೆ–ಸ್ಕೂಗ್ ಲವಣಗಳು ಪೂರ್ಣ ಅಥವಾ ಅರ್ಧ ಪ್ರಮಾಣದಲ್ಲಿ, ಲೀಟರಿಗೆ ೨೦ರಿಂದ ೩೦ ಗ್ರಾಂ ಸಕ್ಕರೆ, ಗಟ್ಟಿಯಾಗಲು ಅಗರ್, ಚಿಗುರಿಗಾಗಿ ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿ ಸೈಟೊಕೈನಿನ್ ಇರುತ್ತವೆ. ೧೨೧ ಡಿಗ್ರಿ ಉಷ್ಣತೆಯ ಒತ್ತಡದ ಉಗಿಯಲ್ಲಿ ಸೀಸೆಗಳನ್ನು ಶುದ್ಧಗೊಳಿಸಿ, ಚಿಗುರನ್ನು ನೆಟ್ಟು, ೨೫ ಡಿಗ್ರಿಯ ಕೋಣೆಯಲ್ಲಿ ದಿನಕ್ಕೆ ೧೬ ಗಂಟೆ ಬೆಳಕಿನಲ್ಲಿ ಇರಿಸುತ್ತಾರೆ. ನಾಲ್ಕಾರು ವಾರಕ್ಕೊಮ್ಮೆ ಕತ್ತರಿಸಿ ಹೊಸ ಸೀಸೆಗಳಿಗೆ ಬದಲಿಸಿದರೆ ಒಂದು ಚಿಗುರು ವರ್ಷದೊಳಗೆ ಸಾವಿರಾರು ಆಗುತ್ತದೆ.

ವೃದ್ಧಿನಿರೋಧಕವನ್ನು ಸೇರಿಸುವುದು ಈ ಹಂತದಲ್ಲಿ. ಪ್ಯಾಕ್ಲೊಬ್ಯುಟ್ರಝಾಲ್ ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಕಡಿಮೆ ಇದ್ದರೂ ಪರಿಣಾಮ ಕಾಣುತ್ತದೆ: ಗೆಣ್ಣು ಕಿರಿದಾಗುತ್ತದೆ, ಎಲೆ ದಪ್ಪವಾಗಿ ಕಡುಹಸಿರಾಗುತ್ತದೆ, ಬೇರು ಗಟ್ಟಿಯಾಗುತ್ತದೆ. ಸೀಸೆಯಿಂದ ಹೊರಗೆ ತಂದಾಗ ಎಳೆಯ ಗಿಡ ಬಾಡಿಹೋಗುವ ಭಯವೂ ಇದರಿಂದ ಕಡಿಮೆಯಾಗುತ್ತದೆ. ಇದು ನಿಜವಾದ ಪ್ರಯೋಜನ. ಪ್ರಮಾಣ ಮೀರಿದರೆ ಗಿಡ ಮುದುಡಿ, ಎಲೆ ವಿಕಾರವಾಗಿ, ಬೆಳವಣಿಗೆಯೇ ನಿಲ್ಲುತ್ತದೆ.

ಆದರೆ ಔಷಧದಿಂದ ಬಂದ ಕುಬ್ಜತೆ ಔಷಧವಿರುವವರೆಗೆ ಮಾತ್ರ. ಗಿಡದ ಸಂತತಿಸೂತ್ರದಲ್ಲಿ ಏನೂ ಬದಲಾಗಿರುವುದಿಲ್ಲ. ತೊಟ್ಟಿಯಲ್ಲಿ ನೆಟ್ಟ ಮೇಲೆ ದ್ರವ್ಯದ ಪ್ರಭಾವ ಕ್ರಮೇಣ ಕರಗುತ್ತದೆ. ಹೊಸ ಗೆಣ್ಣುಗಳು ತಮ್ಮ ಸಹಜ ಅಳತೆಗೆ ಮರಳುತ್ತವೆ. ಕುಬ್ಜವೆಂದು ಕೊಂಡವನು ಕೆಲವು ತಿಂಗಳ ಅನಂತರ ಮೊಳದುದ್ದದ ಗಿಡವನ್ನು ಕಂಡು, ತನ್ನ ಆರೈಕೆಯಲ್ಲೇ ತಪ್ಪಾಯಿತೆಂದು ಮರುಗುತ್ತಾನೆ. ತಪ್ಪು ಅವನದಲ್ಲ.

ವಂಶದಿಂದ ಬಂದ ಕುಬ್ಜತೆ ಬೇರೆ. ಆಫ್ರಿಕದ ಕ್ಯಾಮರೂನಿನ ಅನುಬಿಯಾಸ್ ನಾನಾ ಸ್ವಭಾವತಃ ಚಿಕ್ಕ ಗಿಡ; ಅದರಲ್ಲಿಯೂ ಸಿಂಗಪುರದ ನರ್ಸರಿಯೊಂದರಲ್ಲಿ ತಾನಾಗಿ ಕಾಣಿಸಿಕೊಂಡ ಇನ್ನೂ ಚಿಕ್ಕ ಬಗೆಯನ್ನು ಆರಿಸಿ ಬೆಳೆಸಿದರು. ಅದು ಎಲ್ಲಿ ನೆಟ್ಟರೂ ಚಿಕ್ಕದೇ. ಅಂಗಾಂಶಕೃಷಿಯಲ್ಲಿಯೂ ಇಂತಹ ಸ್ಥಿರ ಬದಲಾವಣೆಗಳು ಆಗಾಗ ಹುಟ್ಟುತ್ತವೆಂದು ೧೯೮೧ರಲ್ಲಿ ಆಸ್ಟ್ರೇಲಿಯದ ಲಾರ್ಕಿನ್ ಮತ್ತು ಸ್ಕೌಕ್ರಾಫ್ಟ್ ಗಮನ ಸೆಳೆದರು. ಸಾವಿರ ಸಸಿಗಳಲ್ಲಿ ಒಂದು ಗಿಡ್ಡಾಗಿದ್ದರೆ, ಔಷಧವಿಲ್ಲದ ಪಾಕದಲ್ಲಿ ಹಲವು ಸಲ ಬದಲಿಸಿದ ಮೇಲೂ ಅದು ಗಿಡ್ಡಾಗಿಯೇ ಉಳಿಯುವುದೋ ಎಂದು ಪರೀಕ್ಷಿಸಬೇಕು. ಉಳಿದರೆ ಅದು ಹೊಸ ಬಗೆ. ತಾಳ್ಮೆಯ ಈ ಆಯ್ಕೆಗೂ ಔಷಧದ ಆತುರಕ್ಕೂ ಇರುವ ವ್ಯತ್ಯಾಸವನ್ನು ಮಾರುವವನು ಬಟ್ಟಲಿನ ಮೇಲೆ ಬರೆಯುವುದು ನ್ಯಾಯ.

೭

ಇದೇ ನಿರೋಧಕಗಳಿಗೆ ಇನ್ನೊಂದು ಚರಿತ್ರೆಯೂ ಇದೆ. ನಮ್ಮ ಕೆರೆಗಳಲ್ಲಿ ಸಾಮಾನ್ಯವಾಗಿರುವ ಹೈಡ್ರಿಲವನ್ನು ೧೯೫೦ರ ದಶಕದ ಆರಂಭದಲ್ಲಿ ಅಕ್ವೇರಿಯಮ್ ವ್ಯಾಪಾರಿಯೊಬ್ಬನು ಸಿಂಹಳದಿಂದ ಫ್ಲಾರಿಡಕ್ಕೆ ತರಿಸಿದನು. ಅಲ್ಲಿನ ಕಾಲುವೆ ಸರೋವರಗಳಿಗೆ ಅದು ತಪ್ಪಿಸಿಕೊಂಡು, ಜಲಪರ್ಣಿ ಇಲ್ಲಿ ಮಾಡಿದ ಅನರ್ಥವನ್ನೇ ಅಲ್ಲಿ ಮಾಡಿತು. ೧೯೯೦ರ ಸುಮಾರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಕೆರೊಲ್ ಲೆಂಬಿ ಮತ್ತು ಸಂಗಡಿಗರು ಒಂದು ಹೊಸ ವಿಚಾರವನ್ನು ಪರೀಕ್ಷಿಸಿದರು. ಕಳೆಯನ್ನು ಕೊಂದರೆ ಅದು ಕೊಳೆತು ನೀರಿನ ಪ್ರಾಣವಾಯು ಮುಗಿದು ಮೀನು ಸಾಯುತ್ತದೆ. ಕೊಲ್ಲದೆ ಕುಬ್ಜಗೊಳಿಸಿದರೆ ಅದು ತಳದಲ್ಲಿಯೇ ಇದ್ದು ಮೀನಿಗೆ ಆಸರೆಯೂ ನೀರಿಗೆ ಉಸಿರೂ ಆಗಬಹುದು. ಫ್ಲುರ್‌ಪ್ರಿಮಿಡಾಲ್, ಪ್ಯಾಕ್ಲೊಬ್ಯುಟ್ರಝಾಲ್ ಮೊದಲಾದವುಗಳ ಅತ್ಯಲ್ಪ ಪ್ರಮಾಣದಲ್ಲಿ ಹೈಡ್ರಿಲ ಗಿಡ್ಡಾಯಿತು, ದ್ಯುತಿಸಂಶ್ಲೇಷಣೆ ನಿಲ್ಲಲಿಲ್ಲ. ಅಲಂಕಾರಕ್ಕೆಂದು ಒಯ್ದ ಗಿಡ ಕಳೆಯಾದಾಗ ಅದಕ್ಕೆ ಹುಡುಕಿದ ಮದ್ದೂ, ಕಳೆಯನ್ನು ಅಲಂಕಾರವಾಗಿಸುವ ಮದ್ದೂ ಒಂದೇ ಆದುದು ಇತಿಹಾಸದ ಒಂದು ವಿಚಿತ್ರ. ಎರಡು ಎಚ್ಚರಿಕೆಗಳು ಇದರಿಂದ ಹೊರಡುತ್ತವೆ. ತೊಟ್ಟಿಯ ಗಿಡವನ್ನು ಹೊಳೆಗೆ ಎಸೆಯಬಾರದು. ಮಣ್ಣಿನಲ್ಲಿ ಬಹುಕಾಲ ಉಳಿಯುವ ಸ್ವಭಾವದ ಈ ದ್ರವ್ಯಗಳ ಪಾಕವನ್ನು ಚರಂಡಿಗೆ ಚೆಲ್ಲಬಾರದು. ವಾಲಧುನಿಗೆ ಈಗ ಇರುವ ವಿಷವೇ ಸಾಕು.

೮

ಕೊನೆಯದಾಗಿ, ಈ ವಿದ್ಯೆಯಿಂದ ನಮಗಾಗಬೇಕಾದುದೇನು ಎಂಬ ಪ್ರಶ್ನೆ. ಇದು ಸಿರಿವಂತರ ವಿನೋದ, ಸಂಶೋಧನೆಗೆ ತಕ್ಕ ವಸ್ತುವಲ್ಲ ಎಂದು ಕೆಲವರು ಹೇಳಬಹುದು. ಆದರೆ ವಿನೋದಕ್ಕಾಗಿಯೇ ಘಟ್ಟದ ತೊರೆಯ ಗಿಡವನ್ನು ಬುಡಸಹಿತ ಕಿತ್ತರೆ, ಅಲ್ಲಿ ಮತ್ತೆ ಅದು ಬೆಳೆಯಲು ಎಷ್ಟು ಮಳೆಗಾಲ ಬೇಕೋ ತಿಳಿಯದು. ಕೆಲವು ಲಾಜಿನಾಂಡ್ರ, ಕ್ರಿಪ್ಟೋಕೊರೈನ್ ಜಾತಿಗಳ ನೆಲೆ ಬೆರಳೆಣಿಕೆಯ ಹಳ್ಳಗಳಿಗೆ ಸೀಮಿತ. ಒಂದು ಚಿಗುರಿನಿಂದ ಸಾವಿರ ಗಿಡ ಪಡೆಯುವ ವಿದ್ಯೆ ಬೆಂಗಳೂರಿನಲ್ಲಿಯೂ ಪುಣೆಯಲ್ಲಿಯೂ ಇರುವಾಗ, ಹಳ್ಳವನ್ನು ಬರಿದುಮಾಡುವುದಕ್ಕೆ ಯಾವ ನೆಪವೂ ಉಳಿಯುವುದಿಲ್ಲ. ೨೦೦೨ರ ಜೈವಿಕ ವೈವಿಧ್ಯ ಅಧಿನಿಯಮವು ಸ್ಥಳೀಯ ಜೀವಸಂಪತ್ತಿನ ಲಾಭದಲ್ಲಿ ಸ್ಥಳೀಯರಿಗೆ ಪಾಲುಂಟೆಂಬ ತತ್ತ್ವವನ್ನು ಅಂಗೀಕರಿಸಿದೆ. ಕಾರವಾರದ ಅಥವಾ ಸಾಗರದ ಹಳ್ಳಿಯೊಂದರ ಗಿಡ ವಿದೇಶದ ಬಟ್ಟಲಿನಲ್ಲಿ ಹೊಸ ಹೆಸರಿನಿಂದ ಮರಳಿ ಬರುವುದಕ್ಕಿಂತ, ಇಲ್ಲಿಯೇ ವೃದ್ಧಿಯಾಗಿ ತನ್ನ ಊರಿನ ಹೆಸರನ್ನು ಹೊತ್ತು ಹೋಗುವುದು ಲೇಸು.

ಹಾಗೆಂದು ಸೀಸೆಯನ್ನು ಹೊಳೆಗೆ ಬದಲಿಯೆಂದು ಭಾವಿಸುವುದೂ ಭ್ರಮೆಯೇ. ಸೀಸೆಯಲ್ಲಿರುವ ಸಾವಿರವೂ ಒಂದೇ ಗಿಡದ ಪಡಿಯಚ್ಚು. ಹಳ್ಳದಲ್ಲಿರುವ ಹತ್ತು ಗಿಡಗಳಲ್ಲಿ ಹತ್ತು ಬಗೆ. ಮೋಹನರಾಮ್ ಅವರೇ ತಮ್ಮ ಉತ್ತರವಯಸ್ಸಿನಲ್ಲಿ ಬಹುಕಾಲ ಅಭ್ಯಸಿಸಿದ ಪೊಡೊಸ್ಟೆಮೇಸಿ ಕುಟುಂಬ ಇದಕ್ಕೆ ನಿದರ್ಶನ. ಘಟ್ಟದ ನದಿಗಳಲ್ಲಿ ಧುಮುಕುವ ನೀರಿನ ಕೆಳಗಿನ ಬಂಡೆಗೆ ಅಂಟಿ ಬದುಕುವ, ನೋಡಲು ಪಾಚಿಯಂತಿರುವ ಹೂಗಿಡಗಳಿವು. ಮಳೆ ನಿಂತು ನೀರಿಳಿದಾಗ ಮಾತ್ರ ಹೂಬಿಡುತ್ತವೆ. ಅವುಗಳಲ್ಲೊಂದಾದ ಗ್ರಿಫಿಥೆಲ್ಲ ಹೂಕೆರಿಯಾನದ ಬೀಜವನ್ನು ಸೀಸೆಯಲ್ಲಿ ಮೊಳೆಸಿ, ಅದರ ಮೈ ಹೇಗೆ ರೂಪುಗೊಳ್ಳುತ್ತದೆಂಬುದನ್ನು ಮೋಹನರಾಮ್ ಮತ್ತು ಅವರ ಶಿಷ್ಯೆ ವಿದ್ಯಾಶಂಕರಿ ೧೯೮೭ರಲ್ಲಿ ವಿವರಿಸಿದರು. ಸೀಸೆ ಆ ಗಿಡದ ಗುಟ್ಟನ್ನು ತಿಳಿಸಿತು. ಬಂಡೆಯನ್ನೂ, ಧುಮುಕುವ ನೀರನ್ನೂ, ಋತುವಿಗೆ ತಕ್ಕಂತೆ ಏರಿ ಇಳಿಯುವ ಹೊಳೆಯನ್ನೂ ಸೀಸೆ ಕೊಡಲಾರದು. ಅಣೆಕಟ್ಟಿನ ಹಿಂದೆ ನಿಂತ ನೀರು ಆ ಬಂಡೆಯನ್ನು ಮುಳುಗಿಸಿದರೆ ಅಲ್ಲಿನ ಗಿಡವೂ ಮುಗಿಯಿತು.

ಹೊರನಾಡಿನ ಕನ್ನಡಿಗರಾದ ನಾವು ಇದನ್ನು ಇತರರಿಗಿಂತ ಬೇಗ ಅರಿಯಬಲ್ಲೆವು. ಹೊಸ ನೆಲೆಯಲ್ಲಿ ಚಿಗುರುವುದು ಸಾಧ್ಯ, ಬೆಳೆಯುವುದೂ ಸಾಧ್ಯ. ಆದರೆ ಹೊಸ ಚಿಗುರಿಗೆ ತವರಿನ ಹೊಳೆ ಹರಿಯುತ್ತಿರಬೇಕು. ಮುಂಬಯಿಯ ಹರ್ಬೇರಿಯಮ್ಮಿನಲ್ಲಿರುವ ಉತ್ತರ ಕನ್ನಡದ ನೀರಗಿಡಗಳ ಹಾಳೆಗಳನ್ನು ನೋಡಿ, ಆ ಸ್ಥಳಗಳಲ್ಲಿ ಅವು ಇಂದೂ ಇವೆಯೇ ಎಂದು ಪರಿಶೀಲಿಸಿ, ಕನ್ನಡದಲ್ಲಿ ಒಂದು ಪಟ್ಟಿಯನ್ನು ಸಿದ್ಧಪಡಿಸುವ ಕಾರ್ಯವನ್ನು ನಮ್ಮ ತರುಣರಲ್ಲಿ ಯಾರಾದರೂ ಕೈಗೊಂಡರೆ, ಅದು ಈ ಲೇಖನಕ್ಕಿಂತ ಹೆಚ್ಚು ಉಪಯುಕ್ತವಾದ ಕೆಲಸವಾಗುವುದು.